ಹಕ್ಕಿ ಮಲಗುವ ಗಿಡ ಹುಡುಕುವುದು ಹೇಗೆ: ಧಾರವಾಡ ಸೀಮೆಯ ನನ್ನ ಅನುಭವ

ಹಕ್ಕಿ ಗೂಡಿನಲ್ಲಿ ಮಲಗುತ್ತದೆ ಎಂದುಕೊಂಡು ಹುಡುಕಲು ಹೊರಟವರಿಗೆ ಮಲಗುವ ಹಕ್ಕಿ ಸಿಗುವುದಿಲ್ಲ. ಗೂಡು ಇರುವುದು ಮೊಟ್ಟೆ, ಮರಿಗೆ. ಮರಿ ಹಾರಿಹೋದ ಮೇಲೆ ಬಹಳಷ್ಟು ಹಕ್ಕಿಗಳು ಅತ್ತ ತಿರುಗಿಯೂ ನೋಡುವುದಿಲ್ಲ. ವರ್ಷದ ಹೆಚ್ಚಿನ ರಾತ್ರಿಗಳು ಗಿಡದ ಟೊಂಗೆ, ಜಾಲಿ ಕಂಟಿ, ಪೊಟರೆ, ಕೆರೆಯ ನೀರು, ಇಲ್ಲವೇ ಬರಿ ನೆಲದ ಮೇಲೆ ಕಳೆಯುತ್ತವೆ. ಆ ಜಾಗ ಹುಡುಕುವುದು ರಾತ್ರಿಯ ಕೆಲಸವೂ ಅಲ್ಲ. ಸೂರ್ಯ ಮುಳುಗುವ ಮುಕ್ಕಾಲು ತಾಸು ಮೊದಲಿನಿಂದ ಮುಳುಗಿದ ಅರ್ಧ ತಾಸಿನವರೆಗೆ ಒಂದೇ ಕಡೆ ನಿಂತರೆ, ಮಧ್ಯರಾತ್ರಿ ಟಾರ್ಚ್ ಹಿಡಿದು ತಿರುಗುವವರಿಗಿಂತ ಹೆಚ್ಚು ಕಾಣುತ್ತದೆ.

ಹಾಗಾಗಿ ಹೊತ್ತು ಮುಳುಗುವ ಸಮಯ ಮೊದಲೇ ಗೊತ್ತಿರಬೇಕು. ಧಾರವಾಡದಲ್ಲಿ ಡಿಸೆಂಬರ್ ಮೊದಲ ವಾರ ಸೂರ್ಯ ಮುಳುಗುವುದು 5:55ರ ಸುಮಾರಿಗೆ, ಜೂನ್ ಕೊನೆಗೆ 7:05ರ ಸುಮಾರಿಗೆ. ಮೋಡ ಕವಿದ ದಿನ ಹಕ್ಕಿಗಳು ಗಡಿಯಾರ ನೋಡುವುದಿಲ್ಲ, ಬೆಳಕು ನೋಡುತ್ತವೆ. ಹೀಗಾಗಿ ಮಳೆಗಾಲದ ಸಂಜೆ ಹತ್ತು-ಹದಿನೈದು ನಿಮಿಷ ಮೊದಲೇ ಬಂದು ಕೂತಿರುತ್ತವೆ. ಬಯಲುಸೀಮೆಯ ಲೆಕ್ಕದಲ್ಲಿ ನಿಂತು ನೋಡಲು ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ. ಆಗ ಆಕಾಶ ಸ್ವಚ್ಛ, ವಲಸೆ ಹಕ್ಕಿಗಳೂ ಇರುತ್ತವೆ, ಹೆಚ್ಚಿನ ಹಕ್ಕಿಗಳು ಗುಂಪಾಗಿ ಮಲಗುತ್ತವೆ.

ಹುಡುಕುವ ಕ್ರಮ ಹೀಗೆ. ಸಂಜೆ ಎತ್ತರದ ಒಂದು ಜಾಗದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಬೇಕು. ಹುಬ್ಬಳ್ಳಿಯಲ್ಲಾದರೆ ನೃಪತುಂಗ ಬೆಟ್ಟ, ಊರ ಹೊರಗಾದರೆ ಕೆರೆಯ ಏರಿ, ಏನೂ ಇಲ್ಲದಿದ್ದರೆ ಮನೆಯ ಮಾಳಿಗೆ. ಮುಳುಗುವ ಬೆಳಕಿನ ಎದುರು ಹಕ್ಕಿ ಕಪ್ಪಗೆ ಸ್ಪಷ್ಟವಾಗಿ ಕಾಣುತ್ತದೆ. ಪೂರ್ವಕ್ಕೆ ಮುಖ ಮಾಡಿದರೆ ಸೂರ್ಯ ಮುಳುಗಿದ ಹತ್ತೇ ನಿಮಿಷಕ್ಕೆ ಕಣ್ಣು ಸೋಲುತ್ತದೆ. ಮೊದಲ ಸಂಜೆ ಎಣಿಸುವ ಗೋಜು ಬೇಡ. ಯಾವ ಜಾತಿ, ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ ಹೋಯಿತು ಎಂದು ಬರೆದುಕೊಂಡರೆ ಸಾಕು. ಮರುದಿನ ಅದೇ ಗೆರೆ ಹಿಡಿದು ಒಂದೆರಡು ಕಿಲೋಮೀಟರ್ ಮುಂದೆ ಹೋಗಿ ನಿಲ್ಲಬೇಕು. ಬೇರೆ ಬೇರೆ ಕಡೆಯಿಂದ ಬರುವ ಗೆರೆಗಳು ಕೂಡುವ ಕಡೆ ಮಲಗುವ ಗಿಡ ಇರುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಗೊರವಂಕ, ಕಾಗೆ, ಬೆಳ್ಳಕ್ಕಿಗಳು ನೇರವಾಗಿ ಮಲಗುವ ಗಿಡಕ್ಕೆ ಬರುವುದಿಲ್ಲ. ಮೊದಲು ಹತ್ತಿರದ ಬಯಲು, ಕರೆಂಟ್ ತಂತಿ, ಟವರ್ ಅಥವಾ ಶಾಲೆಯ ಮಾಳಿಗೆ ಮೇಲೆ ಕೂಡುತ್ತವೆ, ಗದ್ದಲ ಮಾಡುತ್ತವೆ, ಕತ್ತಲಾಗುವ ಹೊತ್ತಿಗೆ ಒಮ್ಮೆಲೇ ಎದ್ದು ಹೋಗುತ್ತವೆ. ತಂತಿಯ ಮೇಲಿನ ಸಾವಿರ ಹಕ್ಕಿ ನೋಡಿ ಇದೇ ಜಾಗ ಎಂದು ಬರೆದುಕೊಂಡು ಮನೆಗೆ ಹೋದರೆ ಲೆಕ್ಕವೂ ತಪ್ಪು, ಜಾಗವೂ ತಪ್ಪು. ಪೂರ್ತಿ ಕತ್ತಲಾಗಿ ಗದ್ದಲ ನಿಂತ ಮೇಲೆಯೇ ಹೊರಡಬೇಕು.

ಮರುದಿನ ಮಧ್ಯಾಹ್ನ ಹೋಗಿ ಗಿಡದ ಬುಡ ನೋಡಿದರೆ ಖಾತ್ರಿಯಾಗುತ್ತದೆ. ಬೆಳ್ಳಕ್ಕಿ ಮಲಗುವ ಹುಣಸೆ ಗಿಡದ ಕೆಳಗೆ ಸುಣ್ಣ ಎರಚಿದಂತೆ ಬಿಳಿ ಹಿಕ್ಕೆ, ಮೀನಿನ ವಾಸನೆ. ಗೊರವಂಕದ ಗಿಡದ ಕೆಳಗೆ ಹಣ್ಣಿನ ಬೀಜ. ಕಣಜ ಗೂಬೆಯ ಜಾಗದಲ್ಲಿ ಅದು ಜೀರ್ಣವಾಗದೆ ಬಾಯಿಂದ ಉಗುಳಿದ, ಕಪ್ಪಗೆ ಹೊಳೆಯುವ ಉಂಡೆ, ಮುರಿದರೆ ಒಳಗೆ ಇಲಿಯ ಬುರುಡೆ. ಒಣಗಿದ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಹತ್ತುವ ಶಿಲೀಂಧ್ರ ಇರಬಹುದು, ಹಾಗಾಗಿ ಕೆದಕುವಾಗ ಮಾಸ್ಕ್ ಹಾಕಿಕೊಳ್ಳಿ.

ಯಾವ ಹಕ್ಕಿ ಎಂಥ ಜಾಗ ಆರಿಸುತ್ತದೆ ಎಂಬುದರ ಹಿಂದೆ ಎರಡೇ ಚಿಂತೆ: ಬೆಕ್ಕು, ಹಾವು, ಗೂಬೆಯಿಂದ ದೂರ ಇರಬೇಕು; ಗಾಳಿ-ಥಂಡಿ ಕಡಿಮೆ ತಾಗಬೇಕು. ಗುಬ್ಬಿಗಳು ಬಳ್ಳಾರಿ ಜಾಲಿ, ಕಾಗದದ ಹೂವಿನ ಬಳ್ಳಿಯಂಥ ಮುಳ್ಳಿನ ಒಳಗೆ ನುಗ್ಗುತ್ತವೆ. ಗಿಣಿ, ಗೊರವಂಕ, ಕಾಗೆಗಳಿಗೆ ಎಲೆ ದಟ್ಟವಾಗಿರುವ ದೊಡ್ಡ ಗಿಡ ಬೇಕು. ಪೇಟೆಯ ದೀಪ, ಬಸ್ಸಿನ ಸದ್ದು ಅವಕ್ಕೆ ಅಡ್ಡಿಯಲ್ಲ, ಆ ಗದ್ದಲದಲ್ಲಿ ಬೇಟೆಗಾರ ಪ್ರಾಣಿ ಕಡಿಮೆ ಎಂಬುದೂ ಒಂದು ಕಾರಣ ಇರಬಹುದು. ಗುಲಾಬಿ ಕಬ್ಬಕ್ಕಿಗಳು ಹಗಲೆಲ್ಲ ಹಿಂಗಾರಿ ಜೋಳದ ಹೊಲದಲ್ಲಿದ್ದು ಸಂಜೆ ಜಾಲಿ ಕಂಟಿಗೋ ಕೆರೆಯ ಆಪು ಎಂಬ ಜೊಂಡಿಗೋ ಬರುತ್ತವೆ. ಗೌಜಲಕ್ಕಿ ಹಗಲು ನೆಲದ ಹಕ್ಕಿ, ರಾತ್ರಿ ಕುರುಚಲು ಮುಳ್ಳುಗಿಡದ ಮೇಲೆ. ನವಿಲು ಎತ್ತರದ ಗಿಡ ಏರುತ್ತದೆ. ಬಂಕಾಪುರ ಕೋಟೆಯ ನವಿಲುಧಾಮದ ಕಡೆ ಹೋದವರಿಗೆ ಆ ಸಂಜೆಯ ಕೂಗು ಗೊತ್ತು. ಟಿಟ್ಟಿಭ ಮಾತ್ರ ನೆಲ ಬಿಡುವುದಿಲ್ಲ, ಬೆಳದಿಂಗಳ ರಾತ್ರಿ ಅದು ಮಲಗುವುದೂ ಅಷ್ಟಕ್ಕಷ್ಟೇ. ಕಂಚುಗಾರ ಹಕ್ಕಿ ಒಣ ಟೊಂಗೆಯ ಅಡಿಭಾಗದಲ್ಲಿ ತಾನೇ ಕೊರೆದ, ಸುಮಾರು ಎರಡು ಇಂಚು ಬಾಯಿಯ ತೂತಿನಲ್ಲಿ ಒಂಟಿಯಾಗಿ ಮಲಗುತ್ತದೆ. ಅಂಗಳದ ಒಣ ಟೊಂಗೆ ಕಡಿಸುವ ಮೊದಲು ಸಂಜೆ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಗೂಡಿನಲ್ಲೇ ಮಲಗುವವೂ ಕೆಲವಿವೆ. ಸೇತುವೆ, ಹಳೆಯ ಗುಡಿಗಳ ಮಾಡಿನಲ್ಲಿ ಮನೆ ಬಾನಾಡಿಗಳು ವರ್ಷವಿಡೀ ಗೂಡಿಗೆ ಮರಳುತ್ತವೆ. ಗೀಜಗ ಬಿಟ್ಟುಹೋದ ಗೂಡಿನಲ್ಲಿ ಗುಬ್ಬಿಗಿಂತ ಚಿಕ್ಕದಾದ ರಾಟವಾಳ (ಮುನಿಯಾ) ಹಕ್ಕಿಗಳು ಒತ್ತೊತ್ತಾಗಿ ಸೇರುತ್ತವೆ. ಹಳೆಯ ಗೀಜಗನ ಗೂಡನ್ನು ಶೋಕೇಸಿಗೆಂದು ಕಿತ್ತು ತರಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಹತ್ತಿರದಿಂದ ನೋಡಲು ಹಸಿರು ಬಣ್ಣದ ಪುಟ್ಟ ಕಳ್ಳಿಪೀರದಷ್ಟು ಒಳ್ಳೆಯ ಹಕ್ಕಿ ಇಲ್ಲ. ಸೂರ್ಯ ಮುಳುಗುವ ಮೊದಲೇ ಬೇವಿನ ಗಿಡಕ್ಕೆ ಬರುತ್ತವೆ. ಕೂತವು ಸುಮ್ಮನಿರುವುದಿಲ್ಲ, ಗುಂಪೇ ಎದ್ದು ಒಂದು ಸುತ್ತು ಹಾಕಿ ಮತ್ತೆ ಕೂಡುತ್ತದೆ, ಹೀಗೆ ನಾಲ್ಕಾರು ಸಲ. ಆಮೇಲೆ ಒಂದೇ ಟೊಂಗೆಯ ಮೇಲೆ ಭುಜಕ್ಕೆ ಭುಜ ಹಚ್ಚಿ ಸಾಲಾಗುತ್ತವೆ. ತಡವಾಗಿ ಬಂದದ್ದು ತುದಿಯಲ್ಲಿ ಕೂರದೆ ನಡುವೆ ತೂರುತ್ತದೆ; ಎರಡು ಹಕ್ಕಿ ಸರಿಯುತ್ತವೆ, ತುದಿಯದು ಜಾರಿ ಎದ್ದು ತಾನೂ ನಡುವೆ ಜಾಗ ಹುಡುಕುತ್ತದೆ. ತುದಿಯಲ್ಲಿ ಥಂಡಿ ಹೆಚ್ಚು, ಅಪಾಯವೂ ಹೆಚ್ಚು. ಕೊನೆಗೆ ಗರಿ ಉಬ್ಬಿಸಿ, ಕತ್ತು ಹಿಂದಕ್ಕೆ ಹೊರಳಿಸಿ ಕೊಕ್ಕನ್ನು ಬೆನ್ನಿನ ಗರಿಯೊಳಗೆ ಇಡುತ್ತವೆ. ರೆಕ್ಕೆಯ ಕೆಳಗೆ ತಲೆ ಇಡುತ್ತವೆ ಎಂಬ ಮಾತು ಎಲ್ಲರ ಬಾಯಲ್ಲಿದೆ, ಆದರೆ ಅದು ಬೆನ್ನಿನ ಗರಿ. ಹಾಗೆ ಮಾಡಿದರೆ ಗರಿಯಿಲ್ಲದ ಕೊಕ್ಕಿನಿಂದ ಬಿಸಿ ಸೋರುವುದಿಲ್ಲ.

ನಿದ್ದೆಯಲ್ಲಿ ಬೀಳುವುದಿಲ್ಲವೇ ಎಂದು ಕೇಳದವರಿಲ್ಲ. ಟೊಂಗೆಯ ಮೇಲೆ ಕೂಡುವ ಹಕ್ಕಿಯ ಕಾಲಿನ ಹಿಂಬದಿ ಹಾಯ್ದು ಬೆರಳಿಗೆ ಹೋಗುವ ಸ್ನಾಯುರಜ್ಜು ಎಂಬ ಗಟ್ಟಿ ಹುರಿ ಇದೆ. ಹಕ್ಕಿ ಕುಸಿದು ಕೂತು ಕೀಲು ಮಡಚಿದಾಗ ಅದು ಬಿಗಿಯುತ್ತದೆ, ಬೆರಳು ಮಡಚುತ್ತದೆ. ಜೊತೆಗೆ ರಜ್ಜಿನ ಮೇಲಿನ ಸಣ್ಣ ಉಬ್ಬುಗಳು ಅದರ ಕವಚದ ಗೆರೆಗಳಿಗೆ ಕಚ್ಚಿಕೊಳ್ಳುತ್ತವೆ. ಎಲ್ಲ ಜಾತಿಗೂ ಈ ಬಿಗಿತ ಒಂದೇ ಅಲ್ಲ. ಕಬ್ಬಕ್ಕಿಯ ಹತ್ತಿರದ ಯುರೋಪಿನ ಜಾತಿಯ ಮೇಲೆ ನಡೆದ ಪ್ರಯೋಗದಲ್ಲಿ ಮಲಗಿದ ಹಕ್ಕಿಯ ಬೆರಳು ಅಷ್ಟೇನೂ ಬಿಗಿದಿರಲಿಲ್ಲ, ಅದು ಸಮತೋಲನದ ಮೇಲೆಯೇ ನಿಂತಿತ್ತು.

ಬಾತುಗಳ ಲೆಕ್ಕ ಬೇರೆ. ಅವು ಮೆದುಳಿನ ಅರ್ಧ ಭಾಗ ಮಲಗಿಸಿ ಅರ್ಧ ಎಚ್ಚರ ಇಡಬಲ್ಲವು. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಸಾಲಿನ ತುದಿಯ ಮಲ್ಲಾರ್ಡ್ ಬಾತುಗಳು ನಡುವಿನವಕ್ಕಿಂತ ಹೆಚ್ಚಾಗಿ ಒಂದು ಕಣ್ಣು ತೆರೆದು, ಅದೂ ಹೊರಬದಿಯ ಕಣ್ಣು ತೆರೆದು ಮಲಗಿದ್ದು ಕಂಡಿತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋದರೆ ಇದು ನೆನಪಿರಲಿ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿ ಸೇರಿದ ಈ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ಹೊಲಗಳಲ್ಲಿ ಮೇಯುತ್ತವೆ, ಹಗಲು ಕೆರೆಯಲ್ಲಿ ವಿಶ್ರಾಂತಿ. ಮಧ್ಯಾಹ್ನ ಒಂದೇ ಕಾಲ ಮೇಲೆ ನಿಂತ ಹೆಬ್ಬಾತು ಮಲಗಿದೆ ಎಂದು ಫೋಟೋಕ್ಕಾಗಿ ಮುಂದೆ ಸರಿದರೆ ತುದಿಯದು ಕತ್ತು ಎತ್ತುತ್ತದೆ. ಅಲ್ಲೇ ನಿಲ್ಲಬೇಕು. ಇನ್ನೆರಡು ಹೆಜ್ಜೆ ಹಾಕಿದರೆ ಗುಂಪೇ ಏಳುತ್ತದೆ, ಮೇದದ್ದೆಲ್ಲ ಹಾರಾಟಕ್ಕೆ ಖರ್ಚು.

ಎಣಿಕೆಗೆ ಬೇಕಾದ ಸಾಮಾನು ಕಡಿಮೆ: 8×42 ದುರ್ಬೀನು, ಗಡಿಯಾರ, ನೋಟ್‌ಬುಕ್ಕು, ಗುಡಿಯ ಮುಂದಿನ ಅಂಗಡಿಯಲ್ಲಿ ಸಿಗುವ ಜಪದ ಬಟನ್ ಕೌಂಟರ್. ಒಬ್ಬರು ಒಂದೇ ದಿಕ್ಕು ನೋಡಬೇಕು, ಐದೈದು ನಿಮಿಷಕ್ಕೆ ಅಂಕಿ ಬರೆಯಬೇಕು. ದೊಡ್ಡ ಗುಂಪಾದರೆ ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಿನಲ್ಲಿ ಹಿಡಿದು ಹತ್ತಕ್ಕೊಂದು ಬಟನ್ ಒತ್ತಬೇಕು. ಸುತ್ತು ಹೊಡೆಯುವ ಗುಂಪನ್ನು ಎರಡು ಸಲ ಎಣಿಸುವುದೇ ದೊಡ್ಡ ತಪ್ಪು. ಹೊರಹೋದದ್ದನ್ನು ಬೇರೆ ಬರೆದು ಒಟ್ಟಿನಲ್ಲಿ ಕಳೆಯಬೇಕು. ಅನುಮಾನ ಬಂದರೆ ಮರುದಿನ ಬೆಳಗ್ಗೆ ಸೂರ್ಯೋದಯಕ್ಕೆ ಅರ್ಧ ತಾಸು ಮೊದಲು ನಿಂತು ಹೊರಡುವಾಗ ಎಣಿಸಿ. ಗೊರವಂಕಗಳು ಕೆಲವು ನಿಮಿಷಕ್ಕೊಮ್ಮೆ ಗುಂಪು ಗುಂಪಾಗಿ ಹೊರಡುತ್ತವೆ, ಬಿಡುವಿನಲ್ಲಿ ಬರೆದುಕೊಳ್ಳಲು ಸಿಗುತ್ತದೆ. ದೀಪಾವಳಿಯ ವಾರದ ಲೆಕ್ಕ ಹಿಡಿಯಬೇಡಿ, ಪಟಾಕಿಗೆ ಹೆದರಿ ಗಿಡ ಬದಲಿಸಿರುತ್ತವೆ.

ರಾತ್ರಿ ಟಾರ್ಚ್ ಬೇಕೇ ಬೇಕು ಎನ್ನುವವರು ಕೆಂಪು ಜಿಲೆಟಿನ್ ಹಾಳೆ ಎರಡು ಪದರ ಕಟ್ಟಿ, ಒಂದು ಹಕ್ಕಿಯ ಮೇಲೆ ಐದು ಸೆಕೆಂಡಿಗಿಂತ ಹೆಚ್ಚು ಬಿಡಬಾರದು. ದಾಸವಾಳದ ಬೇಲಿಯಲ್ಲಿ ಹತ್ತಿ ಉಂಡೆಯಾಗಿ ಮಲಗಿದ ಟುವ್ವಿ (ಎಲೆ ಹೊಲಿದು ಗೂಡು ಕಟ್ಟುವ ಪುಟ್ಟ ಹಕ್ಕಿ) ಬೆದರಿ ಹಾರಿದರೆ ಕತ್ತಲಲ್ಲಿ ಮತ್ತೆ ಜಾಗ ಹುಡುಕಲಾರದು, ತಂತಿಗೋ ಗೋಡೆಗೋ ಬಡಿಯುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಹೊಲದ ಬದುವಿಗೆ ನಿಲ್ಲುವುದಾದರೆ ಹಗಲೇ ಮಾಲೀಕರಿಗೆ ಹೇಳಿ. ಇಲ್ಲವಾದರೆ "ಯಾರ್ರೀ ಅಣ್ಣಾರ, ಕತ್ತಲ್ದಾಗ ಏನ್ ಹುಡಕಾಕತ್ತೀರಿ?" ಎಂಬ ಪ್ರಶ್ನೆ ಬರುತ್ತದೆ, ಪಂಪ್‌ಸೆಟ್ಟಿನ ತಂತಿ ಕಳುವಾದ ಊರಲ್ಲಿ ಆ ಪ್ರಶ್ನೆ ನ್ಯಾಯವೇ.

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ಕಡೆಯ ಹುಲ್ಲುಗಾವಲಲ್ಲಿ ಚಳಿಗಾಲ ಕಳೆಯುವ ಸೆಳೆವಗಳಿಗೆ ಈ ಕ್ರಮ ಸ್ವಲ್ಪ ಬದಲಾಗುತ್ತದೆ. ಹ್ಯಾರಿಯರ್ ಎಂದು ಕರೆಯುವ ಈ ಬೇಟೆಹಕ್ಕಿಗಳು ಗಿಡ ಬಿಟ್ಟು ಹುಲ್ಲಿನ ನಡುವೆ ನೆಲದ ಮೇಲೆ ಮಲಗುತ್ತವೆ. ಸಂಜೆ ಹುಲ್ಲಿನ ಅಂಚಿನ ಬೋಳು ನೆಲ, ಉತ್ತ ಹೊಲದಲ್ಲಿ ಕೂತು, ಕತ್ತಲು ಕವಿಯುವಾಗ ತಗ್ಗಿನಲ್ಲಿ ಹಾರಿ ಒಳಗೆ ಇಳಿಯುತ್ತವೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಇಬ್ಬರು ಎದುರುಬದುರು ಎರಡು ಅಂಚಿನಲ್ಲಿ, ಇಳಿಯುವ ಜಾಗದಿಂದ ಇನ್ನೂರು-ಮುನ್ನೂರು ಮೀಟರ್ ದೂರ ಕುಕ್ಕರಗಾಲಲ್ಲಿ ಕೂತು ಎಣಿಸಬೇಕು. ರಾತ್ರಿ ಹುಲ್ಲಿಗೆ ಕಾಲಿಡಬಾರದು. ಬೆಳಗ್ಗೆ ಎಲ್ಲವೂ ಎದ್ದುಹೋದ ಮೇಲೆ ಒಳಗೆ ಹೋದರೆ ಮಲಗಿದ್ದ ಕಡೆ ತುಳಿದು ಚಪ್ಪಟೆಯಾದ ಹುಲ್ಲು, ಪಕ್ಕದಲ್ಲಿ ಉಗುಳಿದ ಉಂಡೆ ಸಿಗುತ್ತವೆ. ಒಂದೊಂದನ್ನು ಬೇರೆ ಕಾಗದದ ಪೊಟ್ಟಣದಲ್ಲಿ ತಾರೀಖು ಬರೆದು ಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಬೂಸು ಹಿಡಿಯುತ್ತದೆ. ಮನೆಯಲ್ಲಿ ಬೆಚ್ಚಗಿನ ನೀರಿನಲ್ಲಿ ನೆನೆಸಿ ಚಿಮಟಿಯಿಂದ ಬಿಡಿಸಿದರೆ ಮಿಡತೆಯ ಕಾಲು, ದವಡೆ, ಸಣ್ಣ ಹಕ್ಕಿಯ ಗರಿ, ಇಲಿಯ ಕೂದಲು ಕಾಣುತ್ತವೆ. ಹತ್ತಿರದ ಹೊಲದ ರೈತರಿಗೆ ತೋರಿಸಲು ಮಿಡತೆಯ ದವಡೆ ಎತ್ತಿಡಿ. ಬೆಳೆ ತಿನ್ನುವ ಮಿಡತೆಯನ್ನು ಹಿಡಿಯುವ ಹಕ್ಕಿ ಮಲಗುವ ಹುಲ್ಲಿಗೆ ಬೆಂಕಿ ಹಚ್ಚುವ ಮೊದಲು ಅವರು ಎರಡು ಸಲ ಯೋಚಿಸುತ್ತಾರೆ.