ಅಧ್ಯಕ್ಷರ ಫೋಟೋ ತೆಗೆದೆ, ನೀರುಗಂಟಿ ದನಿ ಹಾಕಿದೆ

ಚಿಂತಾಮಣಿ, ಶಿಡ್ಲಘಟ್ಟ ಕಡೆ ಲೀಡರ್‌ಗಳ ಫೇಸ್‌ಬುಕ್ ಪೇಜ್ ನೋಡಿಕೊಳ್ಳುವ ಹುಡುಗರು ಒಂದು ಕಾಲದಲ್ಲಿ ನನ್ನನ್ನು ಚೆನ್ನಾಗಿ ಆಡಿಕೊಂಡರು. ಪಂಚಾಯ್ತಿ ಅಧ್ಯಕ್ಷರ ಮುಖವೇ ಇಲ್ಲದ ಪ್ರಚಾರಕ್ಕೆ ದುಡ್ಡು ಯಾರು ಕೊಡ್ತಾರೆ ಅಂತ. ಈಗ ಅವರಲ್ಲೇ ಮೂರ್ನಾಲ್ಕು ಜನ ಫೋನ್ ಮಾಡಿ ‘ಅಣ್ಣಾ, ಆ ವಾಯ್ಸ್ ಸಿಸ್ಟಮ್ ಹೆಂಗೆ ಮಾಡಿದ್ರಿ’ ಅಂತ ಕೇಳುತ್ತಿದ್ದಾರೆ. ಊರಿಗೆ ನೀರು ಬಿಡುವ ನೀರುಗಂಟಿಯ ದನಿಯಲ್ಲೇ ನೀರಿನ ಸುದ್ದಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಮನೆಮನೆಗೆ ಕಳಿಸುವ ವ್ಯವಸ್ಥೆ ಅದು. ಒಬ್ಬೊಬ್ಬರಿಗೂ ಹೇಳುತ್ತಾ ಕೂರುವ ಬದಲು ಬರೆದುಬಿಡುತ್ತೇನೆ. ಪೇಜ್, ಬೂಸ್ಟ್ (ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನಕ್ಕೆ ತೋರಿಸೋದು), ಬ್ರಾಡ್‌ಕಾಸ್ಟ್ (ಒಂದೇ ವಾಟ್ಸ್‌ಆ್ಯಪ್ ಮೆಸೇಜನ್ನು ಲಿಸ್ಟಿನಲ್ಲಿರುವ ಎಲ್ಲರಿಗೂ ಬೇರೆಬೇರೆಯಾಗಿ ಕಳಿಸೋದು), ಈ ಕೆಲಸ ಮಾಡುವವರಿಗೆ ಅಂತಲೇ ಇದು.

ಇದಕ್ಕೆ ಮೊದಲು ತಾಲ್ಲೂಕು ಮಟ್ಟದ ಒಬ್ಬ ಲೀಡರ್ ಹತ್ತಿರ ಇದ್ದೆ. ಎಡಿಟರ್‌ಗೆ ತಿಂಗಳಿಗೆ 15 ಸಾವಿರ, ಬೂಸ್ಟ್‌ಗೆ ಹತ್ತಿಪ್ಪತ್ತು ಸಾವಿರ, ಡ್ರೋನ್ ಕರೆಸಿದರೆ ದಿನಕ್ಕೆ ಏಳೆಂಟು ಸಾವಿರ. ಹಬ್ಬ, ಜಯಂತಿ, ಹುಟ್ಟುಹಬ್ಬದ ಪೋಸ್ಟರ್ ಲೆಕ್ಕಕ್ಕೇ ಇಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಮಾತ್ರ ಶುದ್ಧೀಕರಿಸಿ ನಮ್ಮ ಕಡೆ ಕೆರೆಗಳಿಗೆ ಹರಿಸಿದ ಎಚ್.ಎನ್. ವ್ಯಾಲಿ ಯೋಜನೆಯ ನೀರಿಂದ ತುಂಬಿದ ಕೆರೆಯೊಂದರ ಮೇಲೆ ಬೆಳಗಿನ ಬಿಸಿಲಲ್ಲಿ ಡ್ರೋನ್ ಹಾರಿಸಿ ಒಂದು ರೀಲ್ಸ್ ಮಾಡಿದ್ದೆವು. ಲಕ್ಷ ವ್ಯೂಸ್ ದಾಟಿತು, ಸಾಹೇಬರು ಹಿರಿಹಿರಿ ಹಿಗ್ಗಿದರು. ಇನ್‌ಸೈಟ್ಸ್ (ಯಾರು ಎಲ್ಲಿಂದ ನೋಡಿದರು ಅನ್ನೋ ಲೆಕ್ಕ) ತೆಗೆದು ನೋಡಿದರೆ ನೋಡಿದವರಲ್ಲಿ ಮುಕ್ಕಾಲು ಪಾಲು ಬೆಂಗಳೂರಿನವರು. ನಮ್ಮ ಕಡೆಯವರು ಬಂದು ಬರೆದದ್ದು ಒಂದೇ ಪ್ರಶ್ನೆ: ಮೂರನೇ ಹಂತದ ಶುದ್ಧೀಕರಣ ಯಾವಾಗ ಸಾರ್? 2018ರಲ್ಲಿ ಇಂಥದ್ದೇ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದಾಗಿನಿಂದ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಗಳಲ್ಲಿ ಆ ಪ್ರಶ್ನೆ ನಿಂತಿಲ್ಲ. ಅದಕ್ಕೆ ಡ್ರೋನ್ ಹತ್ತಿರ ಉತ್ತರ ಇಲ್ಲ.

ನಮ್ಮ ಲೈನಿನಲ್ಲಿ ಯಾರ ಜೊತೆ ಮಾತಾಡಿದರೂ ಸುಷ್ಮಾ ಸ್ವರಾಜ್ ಹೆಸರು ಬರುತ್ತದೆ. ವಿದೇಶಾಂಗ ಸಚಿವೆ ಆಗಿದ್ದಾಗ ಟ್ವಿಟರ್‌ನಲ್ಲಿ ಕಷ್ಟ ಹೇಳಿಕೊಂಡವರಿಗೆ ಅಲ್ಲೇ ಉತ್ತರ ಕೊಡುತ್ತಿದ್ದರು, ಅಂಥದ್ದು ನಮ್ಮ ಸಾಹೇಬ್ರೂ ಮಾಡಬೇಕು ಅಂತ. ಸರಿ, ಆದರೆ ಆ ಟ್ವೀಟಿನ ಹಿಂದೆ ಕೆಲಸ ಮಾಡೋಕೆ ದೇಶದೇಶದಲ್ಲಿ ರಾಯಭಾರ ಕಚೇರಿಗಳಿದ್ದವು. ಪಂಚಾಯ್ತಿಗೆ ಇರುವ ರಾಯಭಾರಿ ಟಿವಿಎಸ್ ಎಕ್ಸೆಲ್ ಮೇಲೆ ಓಡಾಡುವ ನೀರುಗಂಟಿ ಒಬ್ಬನೇ. ಇದು ತಲೆಗೆ ಹೊಕ್ಕ ಮೇಲೆ ಮಿಕ್ಕಿದ್ದೆಲ್ಲ ತಾನಾಗೇ ಬಂತು.

2023ರಲ್ಲಿ ಗ್ರಾಮ ಪಂಚಾಯ್ತಿಗಳ ಎರಡನೇ ಅವಧಿಗೆ ಅಧ್ಯಕ್ಷರು ಬದಲಾದರಲ್ಲ, ಆಗ ಒಂದು ಪಂಚಾಯ್ತಿಯ ಹೊಸ ಅಧ್ಯಕ್ಷೆ ಅಕ್ಕ ಕರೆಸಿದರು. ಊರಿನ ಹೆಸರು ಬೇಡ. ಏಳೆಂಟು ಹಳ್ಳಿ, ಏಳು ಸಾವಿರದ ಆಸುಪಾಸು ಜನ. ಕೇಳಿದ್ದು ಫೇಸ್‌ಬುಕ್ ಪೇಜ್. ಪೇಜ್ ಬೇಡಕ್ಕಾ, ದಿನಾ ಜನ ನಿಮ್ಮನ್ನ ಏನು ಕೇಳ್ತಾರೆ ಅಂದೆ. ‘ನೀಳ್ಳು ಎಪ್ಪುಡು ವಸ್ತಾಯಿ (ನೀರು ಯಾವಾಗ ಬರುತ್ತೆ) ಅಂತಾರೆ. ಇನ್ನೇನು ಕೇಳ್ತಾರೆ?’ ಅಂದರು.

ಮೊದಲ ಪ್ರಯತ್ನ, ಪಂಚಾಯ್ತಿ ಲೆಟರ್‌ಹೆಡ್‌ನಲ್ಲಿ ನೀರಿನ ಟೈಮ್‌ಟೇಬಲ್ ಟೈಪ್ ಮಾಡಿ ಪಿಡಿಎಫ್. ಯಾರೂ ತೆರೆಯಲಿಲ್ಲ. ಮೆಸೇಜ್ ಟೈಪ್ ಮಾಡಿ ಹಾಕಿದರೆ ವಯಸ್ಸಾದವರು ಮೊಮ್ಮಕ್ಕಳ ಕೈಲಿ ಓದಿಸಬೇಕು. ಮನೆಯಲ್ಲಿ ತೆಲುಗು ಆಡುವವರಿಗೆ ‘ಅನಿವಾರ್ಯ ಕಾರಣಗಳಿಂದ’ ಅಂತ ಬರೆದರೆ ಏನು ಪ್ರಯೋಜನ? ಆಮೇಲೆ ವಾಯ್ಸ್. ಅದನ್ನು ಅಕ್ಕನ ಯಜಮಾನರು ತಾವೇ ರೆಕಾರ್ಡ್ ಮಾಡಿದರು, ಒಂದೂಮುಕ್ಕಾಲು ನಿಮಿಷ. ಅದರಲ್ಲಿ ನೀರಿನ ಮಾತು ಹತ್ತು ಸೆಕೆಂಡ್, ಉಳಿದದ್ದು ಅಭಿವೃದ್ಧಿ. ಅವರನ್ನು ನಯವಾಗಿ ಪಕ್ಕಕ್ಕೆ ಸರಿಸುವುದಕ್ಕೇ ಒಂದು ತಿಂಗಳು ಹಿಡಿಯಿತು.

ಕೊನೆಗೆ ನೀರುಗಂಟಿಯನ್ನೇ ಹಿಡಿದೆ. ಅವನಿಗೆ ಭಯ. ‘ಟೈಮ್ ಹೇಳ್‌ಬಿಟ್ಟು ತ್ರೀ ಫೇಸ್ ಕರೆಂಟ್ ಹೋದ್ರೆ ನನ್ ಕತೆ ಏನ್ ಸಾರ್? ಮನೆ ಹತ್ರ ಬಂದು ಬೈತಾರೆ.’ ಟೈಮ್ ಹೇಳಬೇಡ, ಇಷ್ಟರಿಂದ ಇಷ್ಟರೊಳಗೆ ಅನ್ನು, ಆಗದಿದ್ದರೆ ಯಾಕೆ ಅಂತ ಹೇಳು, ಇಪ್ಪತ್ತು ಸೆಕೆಂಡ್ ಮೀರಬೇಡ ಅಂತ ಹೇಳಿಕೊಟ್ಟೆ. ಕನ್ನಡದಲ್ಲಿ ಒಂದು ಸಲ, ತೆಲುಗಲ್ಲಿ ಒಂದು ಸಲ. ಸಿಸ್ಟನ್ (ನೀರಿನ ತೊಟ್ಟಿ) ಹತ್ತಿರ ನಿಂತೇ ಮಾತಾಡು ಅಂದೆ. ಹಿಂದೆ ಮೋಟರ್ ಸದ್ದು ಕೇಳಿಸಿದರೆ ಜನ ನಂಬುತ್ತಾರೆ, ಸ್ಟುಡಿಯೋ ಕ್ವಾಲಿಟಿ ಬಂದರೆ ನಂಬಲ್ಲ.

ಇಲ್ಲಿ ಒಂದು ಮುಖ್ಯ ವಿಷಯ. ಮನೆಗಳ ನಂಬರ್ ಲಿಸ್ಟನ್ನು ವಾರ್ಡ್ ಲೆಕ್ಕದಲ್ಲಿ ಮಾಡಬೇಡಿ, ಗೇಟ್‌ವಾಲ್ವ್ ಲೆಕ್ಕದಲ್ಲಿ ಮಾಡಿ. ಒಂದು ವಾಲ್ವ್ ತಿರುಗಿಸಿದರೆ ಎಷ್ಟು ಮನೆಗೆ ನೀರು ಹೋಗುತ್ತದೋ ಅಷ್ಟು ಮನೆ ಒಂದು ಲಿಸ್ಟ್. ಪಕ್ಕದ ಬೀದಿಯ ನೀರಿನ ಸುದ್ದಿ ಇವರಿಗೆ ಹೋದರೆ ಕೆಲಸಕ್ಕೆ ಬರಲ್ಲ, ಜಗಳ ಮಾತ್ರ. ಅರವತ್ತರಿಂದ ನೂರೈವತ್ತು ಮನೆ ಬರುತ್ತದೆ, ಬ್ರಾಡ್‌ಕಾಸ್ಟ್ ಲಿಸ್ಟಿನ 256ರ ಮಿತಿಯೊಳಗೇ ಮುಗಿಯುತ್ತದೆ. ಗ್ರೂಪ್ ಮಾಡಿದರೆ 1,024 ಜನ ಹಿಡಿಸುತ್ತಾರೆ ನಿಜ, ಆದರೆ ಬೆಳಿಗ್ಗೆ ಗುಡ್ ಮಾರ್ನಿಂಗ್, ಮಧ್ಯಾಹ್ನ ಜಮೀನು ಸೇಲಿಗಿದೆ, ರಾತ್ರಿ ಪಾರ್ಟಿ ಜಗಳ. ಬ್ರಾಡ್‌ಕಾಸ್ಟ್‌ನಲ್ಲಿ ಉತ್ತರ ನಿಮಗೊಬ್ಬರಿಗೇ ಬರುತ್ತದೆ, ಊರೆದುರು ಯಾರ ಮಾನವೂ ಹೋಗಲ್ಲ.

ತೊಡಕು ಗೊತ್ತಲ್ಲ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪೋದು. ನನಗಿಂತ ಮುಂಚೆ ಬಂದಿದ್ದವರೊಬ್ಬರು ಎಲ್ಲಿಂದಲೋ ನಂಬರ್ ಡಾಟಾ ಖರೀದಿಸಿ, ಬಲ್ಕ್ ಸಾಫ್ಟ್‌ವೇರ್ ಹಾಕಿ, ಎರಡು ಸಿಮ್ ಬ್ಯಾನ್ ಮಾಡಿಸಿಕೊಂಡು ಹೋಗಿದ್ದರು. ನಾನು ಒಂದು ನಂಬರನ್ನೂ ಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ಹೆಚ್ಚುಕಡಿಮೆ ಸಾವಿರದ ಇನ್ನೂರು ಮನೆಯವರು ತಾವಾಗೇ ಸೇವ್ ಮಾಡಿಕೊಂಡರು. ಹೇಗೆ ಅಂತ ಇಲ್ಲಿ ಬರೆಯಲ್ಲ. ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದ ಹತ್ತಿರ ಒಂದು ಕೆಲಸ ಮಾಡಿದೆ, ಅಷ್ಟೇ ಹೇಳುತ್ತೇನೆ. ಮಿಕ್ಕಿದ್ದು ನನ್ನ ಹೊಟ್ಟೆಪಾಡು.

ಸ್ಮಾರ್ಟ್‌ಫೋನ್ ಇಲ್ಲದವರಿಗೆ ಹಾಲಿನ ಡೈರಿ. ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಕಾರ್ಯದರ್ಶಿಯ ಫೋನಿಗೆ ಒಂದು ಬ್ಲೂಟೂತ್ ಸ್ಪೀಕರ್ ಸಿಕ್ಕಿಸಿ ಅದೇ ವಾಯ್ಸ್ ಹಾಕಿಸಿದೆವು. ಸ್ಪೀಕರ್‌ಗೆ ಸಾವಿರದ ಚಿಲ್ಲರೆ. ಇಡೀ ವ್ಯವಸ್ಥೆಯಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಕೆಲಸ ಮಾಡಿದ ಸಾಮಾನು ಇನ್ನೊಂದಿಲ್ಲ.

ಪರೀಕ್ಷೆ ಬಂದದ್ದು ಬೇಸಿಗೆಯಲ್ಲಿ. ಸಾವಿರದ ಮುನ್ನೂರು ಅಡಿ ಬೋರು, ಮೋಟರ್ ಸುಟ್ಟುಹೋಯಿತು. ಎತ್ತಬೇಕು, ಕಾಯಿಲ್ ಕಟ್ಟಿಸಬೇಕು, ಇಳಿಸಬೇಕು. ಸದಸ್ಯರು ಒಟ್ಟಾಗಿ ನನ್ನ ಮೇಲೆ ಬಿದ್ದರು: ‘ನೀರು ಬರಲ್ಲ ಅಂತ ನಾವೇ ಸಾರಿಕೊಳ್ಳೋದಾ? ದುಡ್ಡು ಕೊಟ್ಟು ಮರ್ಯಾದೆ ಕಳ್ಕೊಳ್ಳೋ ಕೆಲಸ ಇದು.’ ಅಕ್ಕ ಮಾತ್ರ ಹಾಕಿ ಅಂದರು. ಬೋರಿನ ಹತ್ತಿರ ನಿಂತು ನೀರುಗಂಟಿ ಹೇಳಿದ: ಮೋಟರ್ ಸುಟ್ಟಿದೆ, ಪೈಪು ಎತ್ತುತಾ ಇದ್ದೀವಿ, ನಾಳಿದ್ದು ಸಂಜೆವರೆಗೂ ನೀರಿಲ್ಲ, ಈ ಬೀದಿಗೆ ಟ್ಯಾಂಕರ್ ಇಷ್ಟೊತ್ತಿಗೆ. ಮಾರನೇ ದಿನ ಬೆಳಿಗ್ಗೆ ಒಂದು, ಸಂಜೆ ಒಂದು. ಅದರ ಹಿಂದಿನ ಬೇಸಿಗೆ ಇಂಥದ್ದೇ ಆದಾಗ ಆಫೀಸ್ ಮುಂದೆ ಖಾಲಿ ಕೊಡ ಇಟ್ಟು ಕೂತಿದ್ದರಂತೆ, ಪೊಲೀಸರು ಬರಬೇಕಾಯಿತಂತೆ. ಈ ಸಲ ಒಂದು ಕೊಡವೂ ಬರಲಿಲ್ಲ. ನೀರು ಬಿಟ್ಟಿದ್ದು ಹೇಳಿದ್ದಕ್ಕಿಂತ ಅರ್ಧ ದಿನ ತಡವಾಗಿಯೇ, ಆದರೂ ಫೋನ್ ಮಾಡಿ ಬೈದವರು ಐದಾರು ಜನ ಇದ್ದರೆ ಹೆಚ್ಚು. ಅವತ್ತಿನಿಂದ ಸದಸ್ಯರು ‘ನಮ್ಮ ಬೀದಿದು ಹಾಕಿದ್ರಾ’ ಅಂತ ತಾವೇ ಕೇಳುತ್ತಾರೆ.

ಬೀದಿದೀಪಕ್ಕೂ ಇದೇ ನಂಬರ್ ಕೊಟ್ಟೆವು. ಇಲ್ಲಿ ನನ್ನ ನಿಯಮ ಒಂದೇ. ಕೆಲಸ ಮುಗಿಯಿತು ಅಂತ ನಾವು ಫೋಟೋ ಹಾಕುವ ಹಾಗಿಲ್ಲ. ದೂರು ಕೊಟ್ಟವರೇ ಉರಿಯುವ ದೀಪದ ಫೋಟೋ ಕಳಿಸಬೇಕು, ಅಲ್ಲಿಯವರೆಗೆ ಆ ದೂರು ಬಾಕಿ. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಇದು ಹಿಡಿಸಲಿಲ್ಲ. ಸರ್ಕಾರದ ದೂರಿನ ಪೋರ್ಟಲ್‌ಗಳಲ್ಲಿ ದೂರು ‘ಇತ್ಯರ್ಥ’ ಆಗಿರುತ್ತದೆ, ಬೀದಿ ಕತ್ತಲಾಗೇ ಇರುತ್ತದೆ, ಆ ಕಷ್ಟ ಅನುಭವಿಸಿದವರಿಗೆ ನಿಯಮದ ಬೆಲೆ ಗೊತ್ತು. 2023ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಗೃಹ ಕಚೇರಿ ಕೃಷ್ಣಾದಲ್ಲಿ ಜನಸ್ಪಂದನ ಮಾಡಿದಾಗ ರಾಜ್ಯದ ಮೂಲೆಮೂಲೆಯಿಂದ ಸಾವಿರಾರು ಜನ ಅರ್ಜಿ ಹಿಡಿದು ಬಂದಿದ್ದರು. ಆ ಕ್ಯೂನಲ್ಲಿ ಎಷ್ಟು ಅರ್ಜಿ ಪಂಚಾಯ್ತಿ ಕಟ್ಟೆಯಲ್ಲೇ ಮುಗಿಯಬೇಕಾದವು ಅಂತ ನನಗೆ ಆಗಾಗ ಅನ್ನಿಸುತ್ತದೆ.

ಬೇರೆ ಪ್ರಯೋಗಗಳೂ ಆದವು. ನೀರಿನ ಜೊತೆಗೆ ಶಿಡ್ಲಘಟ್ಟ ಮಾರ್ಕೆಟ್ಟಿನ ರೇಷ್ಮೆಗೂಡಿನ ರೇಟು ಹಾಕಿದೆವು. ಒಂದೇ ವಾರದಲ್ಲಿ ಪಕ್ಕದ ತಾಲ್ಲೂಕಿನವರೆಲ್ಲ ಸೇರಿಸಿ ಅಂತ ಬೆನ್ನು ಬಿದ್ದರು. ನೀರಿನ ಸುದ್ದಿ ಮುಳುಗಿಹೋಗುವ ಹಾಗಾಯಿತು, ನಿಲ್ಲಿಸಿದೆ. ಯಾವ ಬೀದಿ ಚರಂಡಿ ಮೊದಲು ಮಾಡೋಣ ಅಂತ ಪ್ರತಿ ಲಿಸ್ಟಿನವರ ಹತ್ತಿರವೂ ಅಭಿಪ್ರಾಯ ಕೇಳಿದೆವು. ಫೋನ್ ಜಾಸ್ತಿ ಇರುವ ಬೀದಿ ಗೆದ್ದಿತು. ಚರಂಡಿ ನಿಜವಾಗಿ ಬೇಕಾಗಿದ್ದ ಕಾಲೋನಿಯಿಂದ ಬಂದದ್ದು ಬೆರಳೆಣಿಕೆಯ ಉತ್ತರ. ಅದನ್ನೇ ಜನಾಭಿಪ್ರಾಯ ಅಂತ ನಡಾವಳಿಗೆ ಬರೆಸೋಣ ಅಂದರು ಒಬ್ಬ ಸದಸ್ಯರು. ಅಕ್ಕ ಒಪ್ಪಲಿಲ್ಲ, ಗ್ರಾಮ ಸಭೆಗೇ ಇಟ್ಟರು. ಮೊದಲು ನಲವತ್ತು ಐವತ್ತು ಜನ ಬರುತ್ತಿದ್ದ ಸಭೆಗೆ ಆ ಸಲ ನೂರೈವತ್ತರ ಮೇಲೆ ಬಂದಿದ್ದರು. ಅದರ ಕರೆಯೂ ನೀರುಗಂಟಿ ದನಿಯಲ್ಲೇ ಹೋಗಿತ್ತು.

ಖರ್ಚಿಗೆ ಬರೋಣ. ನೀರುಗಂಟಿಗೆ ರೀಚಾರ್ಜು, ಪೆಟ್ರೋಲು ಸೇರಿ ತಿಂಗಳಿಗೆ ಎಂಟುನೂರು. ಒಂದು ಹಳೇ ಫೋನ್, ಆರು ಸಾವಿರದೊಳಗೆ. ನನ್ನದು ತಿಂಗಳಿಗೆ ಐದು ಸಾವಿರ, ಮೊದಲ ಮೂರು ತಿಂಗಳು ಅದೂ ಸರಿಯಾಗಿ ಬರಲಿಲ್ಲ. ಎಲ್ಲ ಅಕ್ಕನ ಕೈಯಿಂದಲೇ, ಪಂಚಾಯ್ತಿ ದುಡ್ಡು ಮುಟ್ಟಿಲ್ಲ. ಆಡಿಟ್‌ನಲ್ಲಿ ಇದಕ್ಕೆ ಯಾವ ತಲೆಬರಹ ಕೊಡುತ್ತೀರಿ? ಆ ವರ್ಷ ನೀರಿನ ಕಂದಾಯ ಹಿಂದಿನದಕ್ಕಿಂತ ಒಂದೂವರೆ ಪಟ್ಟು ಬಂತು ಅಂತ ಬಿಲ್ ಕಲೆಕ್ಟರ್ ಹೇಳಿದ. ನನ್ನಿಂದಲೇ ಅಂತ ನಾನು ಹೇಳಲ್ಲ, ಅವನು ಹೇಳಿದ.

ಈಗ ಫೋನ್ ಮಾಡುವವರಲ್ಲಿ ಹೆಚ್ಚಿನವರು ಮುಂದಿನ ಪಂಚಾಯ್ತಿ ಎಲೆಕ್ಷನ್‌ಗೆ ಅಂತ ಕೇಳುವವರು. ನಂಬರ್ ಲಿಸ್ಟ್ ಕೊಡಿ, ಒಳ್ಳೇ ರೇಟ್ ಕೊಡ್ತೀವಿ ಅಂದವರೂ ಇದ್ದಾರೆ. ಲಿಸ್ಟ್ ಕೊಡಲ್ಲ, ನೀರಿಗೆ ಅಂತ ಜನ ಕೊಟ್ಟದ್ದು ಅದು. ವ್ಯವಸ್ಥೆ ಬೇಕಾದರೆ ಮಾಡಿಕೊಡುತ್ತೇನೆ, ಮೂರು ತಿಂಗಳ ದುಡ್ಡು ಮುಂಗಡ, ನೀರುಗಂಟಿ ಒಪ್ಪಿರಬೇಕು, ವಾಯ್ಸ್‌ನಲ್ಲಿ ಯಾರ ಹೆಸರೂ ಬರಬಾರದು. ಫೋಟೋ ಇರಲೇಬೇಕು ಅನ್ನುವವರಿಗೆ ಅಡಿ ಲೆಕ್ಕದಲ್ಲಿ ಫ್ಲೆಕ್ಸ್ ಹೊಡೆದುಕೊಡುತ್ತೇನೆ, ಅಂಗಡಿ ಇನ್ನೂ ಮುಚ್ಚಿಲ್ಲ.