ರಜೆ ಪುಸ್ತಕ ಯೂನಿಯನ್ ಕೈಗೆ ಕೊಟ್ಟ ಮೇಲೆ: ನನ್ನ ಅನುಭವ

"ರಜೆ ಪುಸ್ತಕ ಯೂನಿಯನ್‌ಗೆ ಕೊಟ್ಟೆಯಾ? ನಾಳೆ ಗೇಟಿನ ಬೀಗದ ಕೈನೂ ಕೊಟ್ಟುಬಿಡು." 2018ರಲ್ಲಿ ಹೀಗೆ ಅಂದವರು ನನ್ನ ಜೊತೆ ಎಂ.ಎಸ್.ಡಬ್ಲ್ಯೂ ಓದಿ, ಇವತ್ತು ಪೀಣ್ಯ, ದೊಡ್ಡಬಳ್ಳಾಪುರ, ಬಿಡದಿಯ ಕಾರ್ಖಾನೆಗಳಲ್ಲಿ ನನ್ನ ಹಾಗೇ ಎಚ್.ಆರ್., ಅಂದರೆ ಸಿಬ್ಬಂದಿ ವಿಭಾಗ ನೋಡಿಕೊಳ್ಳುವ ಗೆಳೆಯರು. ಯಾರಿಗೆ ಯಾವ ದಿನ ರಜೆ ಅಂತ ಫೋರ್‌ಮನ್ ಬದಲು ಕಾರ್ಮಿಕರೇ ಬರೆದುಕೊಳ್ಳುವ ಪುಸ್ತಕ ಅದು. ಅವರಲ್ಲಿಬ್ಬರು ಈಗ ಫೋನ್ ಮಾಡಿ ಆ ಪುಸ್ತಕದ ನಮೂನೆ ಕಳಿಸು ಅನ್ನುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ನಮ್ಮದು ಪೀಣ್ಯದಲ್ಲಿ ವಾಹನದ ಬಿಡಿಭಾಗ ಮಾಡುವ ಮಷಿನ್ ಶಾಪ್. ಆಗ ಕಾಯಂ ಕಾರ್ಮಿಕರು 210 ಜನ, ಗುತ್ತಿಗೆಯವರು 90ರ ಸುಮಾರು. ಗೈರುಹಾಜರಿ ಶೇ 14ರ ಆಸುಪಾಸು. ಸಂಬಳದ ಮಾರನೇ ದಿನ, ಯುಗಾದಿಯ ಹೊಸತೊಡಕು, ಸಿದ್ಧಗಂಗೆ ಜಾತ್ರೆ ಅಂದರೆ ಶೇ 25 ದಾಟುತ್ತಿತ್ತು. ಖಾಲಿ ಮಷಿನ್‌ಗೆ ಹಿಂದಿನ ಶಿಫ್ಟಿನವನನ್ನೇ ನಿಲ್ಲಿಸಬೇಕು, ಓ.ಟಿ. (ಹೆಚ್ಚುವರಿ ಅವಧಿಯ ಕೆಲಸ) ಅಂದರೆ ದುಪ್ಪಟ್ಟು ಕೂಲಿ. ತಿಂಗಳಿಗೆ 7 ಲಕ್ಷದ ಹತ್ತಿರ ಓ.ಟಿ.ಗೇ ಹೋಗುತ್ತಿತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ತಿಂಗಳು ಪೂರ್ತಿ ಬಂದವರಿಗೆ 500 ರೂಪಾಯಿ ಹಾಜರಾತಿ ಭತ್ಯೆ. ನಾಲ್ಕನೇ ತಾರೀಕಿಗೆ ಒಂದು ದಿನ ತಪ್ಪಿತು ಅನ್ನಿ, ಹೇಗಿದ್ದರೂ ದುಡ್ಡು ಹೋಯಿತಲ್ಲ ಅಂತ ಆ ಮನುಷ್ಯ ಉಳಿದ ಇಪ್ಪತ್ತು ದಿನದಲ್ಲಿ ಬೇಕಾದಾಗೆಲ್ಲ ಧೈರ್ಯವಾಗಿ ತಪ್ಪಿಸುತ್ತಿದ್ದ. ಭತ್ಯೆ ಸಿಗುತ್ತಿದ್ದದ್ದು ಮೊದಲಿಂದಲೂ ತಪ್ಪದೆ ಬರುತ್ತಿದ್ದ ಅರವತ್ತು ಜನಕ್ಕೆ. ಒಂಬತ್ತು ತಿಂಗಳಲ್ಲಿ ಸುಮಾರು 3 ಲಕ್ಷ ಕೊಟ್ಟೆವು, ಗೈರುಹಾಜರಿ ಒಂದಂಕಿಯೂ ಇಳಿಯಲಿಲ್ಲ.

ಆಮೇಲೆ 'ತಿಂಗಳ ಉತ್ತಮ ಕಾರ್ಮಿಕ' ಅಂತ ಫೋಟೊ ಹಾಕಿಸಿದೆ. ಎರಡನೇ ತಿಂಗಳು ಗೆದ್ದವನು ನನ್ನ ಕೋಣೆಗೆ ಬಂದು, "ಸಾರ್, ಫೋಟೊ ತೆಗೆಸಿಬಿಡಿ, ಕ್ಯಾಂಟೀನಲ್ಲಿ ಯಾರೂ ನನ್ನ ಪಕ್ಕ ಕೂರ್ತಿಲ್ಲ" ಅಂದ. ಅವತ್ತೇ ತೆಗೆಸಿದೆ. ಆ ಮುಖ ಇನ್ನೂ ಕಣ್ಣ ಮುಂದಿದೆ.

ಮೂರನೆಯದು ತರಬೇತಿ. ರೆಸಾರ್ಟಿನಲ್ಲಿ ಎರಡು ದಿನ, ಊಟ ವಸತಿ ಎಲ್ಲ ಸೇರಿ 4 ಲಕ್ಷ. ಪರದೆ ಮೇಲೆ ಮಾಸ್ಲೋನ ಪಿರಮಿಡ್ಡು ಬಂತು, ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಚಿತ್ರ. ಲೋಹವನ್ನು ಕಾಯಿಸಿ ಹದ ಮಾಡುವ ಹೀಟ್ ಟ್ರೀಟ್‌ಮೆಂಟ್ ವಿಭಾಗದ ಹಿರಿಯರೊಬ್ಬರು ಎದ್ದು, "ನಮ್ಮ ಕಡೆ ಎಕ್ಸಾಸ್ಟ್ ಫ್ಯಾನ್ ನಿಂತು ಎಂಟು ತಿಂಗಳಾಯ್ತು, ಅದು ಈ ಚಿತ್ರದಲ್ಲಿ ಎಲ್ಲಿ ಬರುತ್ತೆ?" ಅಂತ ಕೇಳಿದರು. ಬಂದಿದ್ದ ತರಬೇತುದಾರರ ಹತ್ತಿರ ಉತ್ತರ ಇರಲಿಲ್ಲ. ಕೆಲಸದ ಹುರುಪಿನ ಬಗ್ಗೆ ಬರೆದ ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ ಇದ್ದಿದ್ದರೆ ಹೇಳುತ್ತಿದ್ದ: ಫ್ಯಾನ್ ರಿಪೇರಿ ಮಾಡಿದರೆ ಅಸಮಾಧಾನ ಹೋಗುತ್ತದೆ, ಹುರುಪು ಬರುವುದಿಲ್ಲ. ಅವನು 1959ರಲ್ಲಿ ಬರೆದದ್ದು ಪಿಟ್ಸ್‌ಬರ್ಗಿನ ಸುಮಾರು 200 ಎಂಜಿನಿಯರು, ಅಕೌಂಟೆಂಟರನ್ನು ಮಾತಾಡಿಸಿ. ಮಷಿನ್ ಮುಂದೆ ಎಂಟು ಗಂಟೆ ನಿಲ್ಲುವವನ ವಿಷಯದಲ್ಲಿ ಅದು ಅರ್ಧ ಮಾತ್ರ ನಿಜ ಅನ್ನುವುದು ನನ್ನ ಅನುಭವ. ಫ್ಯಾನ್ ರಿಪೇರಿಯಾದ ವಾರ ಆ ವಿಭಾಗದವರ ಕೆಲಸದ ಓಟವೇ ಬೇರೆ ಇತ್ತು. ಗಾಳಿ ಬಂದದ್ದಕ್ಕಿಂತ, ಕೇಳಿದ್ದು ಆಯಿತಲ್ಲ ಅನ್ನುವುದು ದೊಡ್ಡದು.

ಅಷ್ಟರಲ್ಲಿ ವೇತನ ಒಪ್ಪಂದದ ಅವಧಿ ಮುಗಿದು, ಯೂನಿಯನ್ 23 ಅಂಶದ ಬೇಡಿಕೆ ಪಟ್ಟಿ ಕೊಟ್ಟಿತು. ನಾಲ್ಕು ತಿಂಗಳು ಜಗ್ಗಾಟ, ನಡುವೆ ಮೂರು ವಾರ ಗೋ-ಸ್ಲೋ, ಅಂದರೆ ಬೇಕಂತಲೇ ನಿಧಾನವಾಗಿ ಕೆಲಸ ಮಾಡುವ ಪ್ರತಿಭಟನೆ. ವಿಷಯ ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಚೇರಿ, ಕಾರ್ಮಿಕ ಭವನ ಮುಟ್ಟಿತು. ಅಲ್ಲಿ ಹೊರಗಿನ ಬೆಂಚಿನ ಮೇಲೆ ಕಾಯುತ್ತಾ ಕೂತಾಗ ಯೂನಿಯನ್ ಕಾರ್ಯದರ್ಶಿ ತಮ್ಮ ಡೈರಿ ತೆಗೆದು ತೋರಿಸಿದರು. ಸದಸ್ಯರು ಹೇಳಿಕೊಂಡ ದೂರುಗಳು, ಅರವತ್ತರ ಹತ್ತಿರ. ದುಡ್ಡಿನದು ಹದಿನೈದೋ ಇಪ್ಪತ್ತೋ ಇರಬಹುದು. ಉಳಿದವು ಫೋರ್‌ಮನ್ ಬೈಗುಳ, ಬಸ್ ತಡವಾದರೆ ಅರ್ಧ ದಿನ ಕಡಿತ, ಕೈಗೆ ಹಿಡಿಯದ ಗ್ಲೌಸು. ಎಲ್ಲಕ್ಕಿಂತ ಹೆಚ್ಚು ಇದ್ದದ್ದು ರಜೆ ಕೇಳಿದರೆ ಕೊಡುವುದಿಲ್ಲ ಅನ್ನುವುದು.

ನನಗೆ ದಾರಿ ಕಂಡದ್ದು ಆ ಬೆಂಚಿನ ಮೇಲೆ. ನಮ್ಮವರಲ್ಲಿ ಅರ್ಧ ಜನ ಮಾಗಡಿ, ಕುಣಿಗಲ್, ನೆಲಮಂಗಲ ಕಡೆಯವರು, ಒಂದೆರಡು ಎಕರೆ ಹೊಲ ಇಟ್ಟುಕೊಂಡವರು. ಆಗ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯ 79ನೇ ಕಲಮು ರಜೆಗೆ 15 ದಿನ ಮುಂಚೆ ಅರ್ಜಿ ಕೊಡಿ ಅನ್ನುತ್ತಿತ್ತು. ಆದರೆ ರಾಗಿ ಕೊಯ್ಲಿಗೆ ಆಳು ಸಿಕ್ಕರು ಅಂತ ಗೊತ್ತಾಗುವುದೇ ಹಿಂದಿನ ರಾತ್ರಿ. ಕೇಳಿದರೆ ಫೋರ್‌ಮನ್ ಇಲ್ಲ ಅನ್ನುತ್ತಾನೆ, ಅದಕ್ಕೆ ಇವನು ಕೇಳುವುದನ್ನೇ ಬಿಟ್ಟ. ನಾವು ಗೈರುಹಾಜರಿ ಅಂತ ಲೆಕ್ಕ ಹಾಕುತ್ತಿದ್ದದ್ದರಲ್ಲಿ ಮುಕ್ಕಾಲು ಪಾಲು ಕೊಡದೇ ಉಳಿದ ರಜೆ.

ಮಾಡಿದ್ದು ಇಷ್ಟು. 12-14 ಜನರ ಒಂದೊಂದು ಲೈನಿಗೆ ಒಂದು ರಜೆ ಪುಸ್ತಕ. ದಿನಕ್ಕೆ ಒಬ್ಬರು, ಅನಿವಾರ್ಯವಾದರೆ ಇಬ್ಬರು. ಯಾರಿಗೆ ಯಾವ ದಿನ ಅನ್ನುವುದನ್ನು ಲೈನಿನವರೇ ಕೂತು ಬರೆಯುತ್ತಾರೆ. ಜಗಳ ಬಂದರೆ ಯೂನಿಯನ್ ಕಮಿಟಿ ಸದಸ್ಯ ಬಗೆಹರಿಸುತ್ತಾನೆ. ಫೋರ್‌ಮನ್ ಗುರುವಾರ ಮುಂದಿನ ವಾರದ ಪಟ್ಟಿಗೆ ಸಹಿ ಹಾಕುತ್ತಾನೆ, ತಿದ್ದುವಂತಿಲ್ಲ. ಇದನ್ನು ವೇತನ ಒಪ್ಪಂದದ ಅನುಬಂಧವಾಗಿ, ಆಗಿನ ಕೈಗಾರಿಕಾ ವಿವಾದ ಕಾಯ್ದೆಯ 12(3) ಅಡಿಯಲ್ಲೇ, ಅಂದರೆ ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿಯ ಮುಂದೆ ಆಗುವ ಒಪ್ಪಂದದಲ್ಲೇ ಸೇರಿಸಿದೆ. ಇಬ್ಬರೇ ಕೂತು ಮಾಡಿಕೊಳ್ಳುವ 18(1) ಒಪ್ಪಂದ ಆಗಿದ್ದರೆ ನಮ್ಮಲ್ಲಿದ್ದ ಇನ್ನೊಂದು ಸಣ್ಣ ಯೂನಿಯನ್ನಿನ ಮೂವತ್ತು ಜನಕ್ಕೆ ಅದು ಬದ್ಧವಾಗುತ್ತಿರಲಿಲ್ಲ, ಅದೊಂದೇ ಸಾಕಿತ್ತು ಹಾಳಾಗುವುದಕ್ಕೆ. ಯೂನಿಯನ್ನಿನ ಅಧ್ಯಕ್ಷರಿಗೂ (ಅವರು ನಮ್ಮ ಕಾರ್ಮಿಕರಲ್ಲ, ಹೊರಗಿನವರು) ಅನುಮಾನವಿತ್ತು: ನಾಳೆ ತಪ್ಪಾದರೆ ನಮ್ಮ ಹುಡುಗರ ತಲೆಗೆ ಕಟ್ಟುತ್ತೀರಿ. ಪುಸ್ತಕದಲ್ಲಿ ಬರೆದದ್ದನ್ನು ಹಿಡಿದು ಯಾರ ಮೇಲೂ ಶಿಸ್ತು ಕ್ರಮವಿಲ್ಲ ಅನ್ನುವ ಸಾಲು ಅವರು ಹಾಕಿಸಿದ್ದು. ಸರಿಯಾಗಿಯೇ ಕೇಳಿದರು.

ಮೊದಲ ಎರಡು ತಿಂಗಳು ಗೈರುಹಾಜರಿ ಶೇ 16ಕ್ಕೆ ಏರಿತು. ಎಂ.ಡಿ. ಕರೆದು, "ಇನ್ನೊಂದು ತಿಂಗಳು ನೋಡ್ತೀನಿ" ಅಂದರು. ನಾನು ನಿದ್ದೆಗೆಟ್ಟ ತಿಂಗಳು ಅದು. ಮೂರನೇ ತಿಂಗಳು 11, ದೀಪಾವಳಿ ಹೊತ್ತಿಗೆ 9, ಮುಂದಿನ ಮಾರ್ಚ್‌ಗೆ 7 ಚಿಲ್ಲರೆ. ಹೇಳದೆ ತಪ್ಪಿಸುವುದು ಶೇ 2ಕ್ಕಿಂತ ಕಡಿಮೆ. ಓ.ಟಿ. ಮೂರೂವರೆ ಲಕ್ಷಕ್ಕೆ ಇಳಿಯಿತು. ಪುಸ್ತಕಗಳಿಗೆ ಆದ ಖರ್ಚು 1,200 ರೂಪಾಯಿ ಇರಬಹುದು. ಆ ವರ್ಷದ ಯೂನಿಯನ್ ಚುನಾವಣೆಯಲ್ಲಿ ಕಾರ್ಯದರ್ಶಿಯನ್ನು ಮ್ಯಾನೇಜ್‌ಮೆಂಟ್ ಚೇಲಾ ಅಂದು ಎದುರು ನಿಂತವರಿದ್ದರು. ಹಿಂದಿನ ಸಲಕ್ಕಿಂತ ಹೆಚ್ಚು ಅಂತರದಲ್ಲಿ ಗೆದ್ದರು. ಸಂಬಳ ಹೆಚ್ಚಿಸಿಕೊಟ್ಟ ನಾಯಕ ಮೂರು ವರ್ಷಕ್ಕೊಮ್ಮೆ ನೆನಪಾಗುತ್ತಾನೆ, ತಂಗಿ ಮದುವೆಗೆ ರಜೆ ಹೊಂದಿಸಿಕೊಟ್ಟವನು ವಾರವಾರವೂ ಬೇಕು.

ಹೊಸತೊಡಕಿನ ದಿನ ಎಲ್ಲರಿಗೂ ರಜೆ ಬೇಕಲ್ಲ, ಅದಕ್ಕೇನು ಮಾಡಿದಿರಿ ಅಂತ ಎಲ್ಲರೂ ಕೇಳುತ್ತಾರೆ. ಲೈನುಗಳ ನಡುವೆ ಒಂದು ಅದಲುಬದಲು ಇದೆ ಅಂತಷ್ಟೇ ಹೇಳುತ್ತೇನೆ. ಫೋರ್‌ಮನ್‌ಗಳನ್ನು ಒಪ್ಪಿಸಿದ ಬಗೆಯೂ ನನ್ನ ಹತ್ತಿರವೇ ಇರಲಿ, ಅದಕ್ಕೆ ಐದು ತಿಂಗಳು ಸವೆಸಿದ್ದೇನೆ.

ಮಧ್ಯೆ ಇನ್ನೊಂದು ಪ್ರಯತ್ನ ಮಾಡಿದ್ದೆ. ಬುಧವಾರ ಕ್ಯಾಂಟೀನಿನಲ್ಲಿ ಮುದ್ದೆ, ಬಸ್ಸಾರು. ಬುಧವಾರದ ಹಾಜರಾತಿ ಏನೂ ಏರಲಿಲ್ಲ. ಆದರೆ ರಾತ್ರಿ ಶಿಫ್ಟಿನವರು ನಮಗೂ ಬೇಕು ಅಂದರು, ಕೊಟ್ಟೆವು, ಇವತ್ತಿಗೂ ನಡೆಯುತ್ತಿದೆ.

ಗುತ್ತಿಗೆಯ 90 ಜನ ಮಾತ್ರ ಈ ಪುಸ್ತಕದ ಹೊರಗಿದ್ದಾರೆ. ಅವರು ಯೂನಿಯನ್ ಸದಸ್ಯರಲ್ಲ, ರಜೆ ಅವರ ಗುತ್ತಿಗೆದಾರನ ಕೈಯಲ್ಲಿದೆ. ಅದೇ ಮಷಿನ್ ಮುಂದೆ ಪಕ್ಕದಲ್ಲೇ ನಿಂತ ಹುಡುಗ ಪುಸ್ತಕದ ಕಡೆ ನೋಡುತ್ತಾನೆ. ಹೋದ ತಿಂಗಳು ಕಾರ್ಯದರ್ಶಿಯವರೇ ಮಾತು ತೆಗೆದರು. ಎರಡು ಲೈನಿನಲ್ಲಿ ಅವರ ಹೆಸರನ್ನೂ ಬರೆಯಲು ಶುರು ಮಾಡಿದ್ದೇವೆ, ಗುತ್ತಿಗೆದಾರ ಇನ್ನೂ ಸಹಿ ಹಾಕಿಲ್ಲ.