ಅಜ್ಜಿಗೆ ಅರಿವೆ ಚಿಂತೆ, ಕ್ವಿಜ್ ಮಾಡೋನಿಗೆ ಉತ್ತರದ ಚಿಂತೆ

ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಕ್ವಿಜ್ ನಡೆಸುವ ಕೆಲಸ ಕೆಲವು ವರ್ಷಗಳಿಂದ ನನ್ನ ತಲೆಗೇ ಕಟ್ಟಿದೆ. ಮೊದಲ ವರ್ಷ ಮೊದಲ ಪ್ರಶ್ನೆಯಲ್ಲೇ ಮುಗ್ಗರಿಸಿದೆ. ಸುಲಭ ಇರಲಿ ಅಂತ ಗಾದೆ ಪೂರ್ತಿ ಮಾಡಲು ಕೇಳಿದ್ದೆ: 'ಅಜ್ಜಿಗೆ ಅರಿವೆ ಚಿಂತೆ...' ನನ್ನ ಚೀಟಿಯಲ್ಲಿ ಇದ್ದದ್ದು 'ಮಗಳಿಗೆ ಗಂಡನ ಚಿಂತೆ'. ಒಂದು ಟೀಮು 'ಮೊಮ್ಮಗಳಿಗೆ ಕಜ್ಜಾಯದ ಚಿಂತೆ' ಎಂದಿತು. ತಪ್ಪು ಅಂದೆ. ಅಷ್ಟರಲ್ಲಿ ಹಿಂದಿನ ಸಾಲಿನ ಅಜ್ಜಿಯೊಬ್ಬರು, 'ಎರಡೂ ಅಲ್ಲಪ್ಪ, ಮೊಮ್ಮಗಳಿಗೆ ಮಿಂಡನ ಚಿಂತೆ' ಅಂತ ಮೈಕೇ ಬೇಡದಂಥ ದನಿಯಲ್ಲಿ ಹೇಳಿದರು. ದೊಡ್ಡವರೆಲ್ಲ ನಕ್ಕರು. ಮಕ್ಕಳು 'ಮಿಂಡ ಅಂದ್ರೇನು ಅಂಕಲ್?' ಅಂತ ಶುರು ಮಾಡಿದರು. ಉತ್ತರ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ.

ಊರಿಗೊಂದು ಗಾದೆ ಅಲ್ವಾ? ಮೂರೂ ಉತ್ತರ ಸರಿ ಅಂತ ಅಂಕ ಕೊಟ್ಟು ಪಾರಾದೆ. ಅವತ್ತಿನಿಂದ ಪ್ರಶ್ನೆ ಹುಡುಕುವುದಕ್ಕಿಂತ, ಅದಕ್ಕೆ ಇನ್ನೊಂದು ಉತ್ತರ ಇದೆಯಾ ಅಂತ ಹುಡುಕುವುದರಲ್ಲೇ ನನಗೆ ಜಾಸ್ತಿ ಹೊತ್ತು ಹೋಗುತ್ತದೆ. 60 ಪ್ರಶ್ನೆ ಬರೆದರೆ ಕೊನೆಗೆ ಉಳಿಯುವುದು 25.

ಗಾದೆಯನ್ನು ಬಿಡಲಿಲ್ಲ, ಕೇಳುವ ರೀತಿ ಬದಲಿಸಿದೆ. ಈಗ ಪೂರ್ತಿ ಗಾದೆ ನಾನೇ ಹೇಳಿ, ಒಳಗಿನ ಒಂದು ಪದ ಹಿಡಿಯುತ್ತೇನೆ. ಮರುವರ್ಷ ಅದೇ ಗಾದೆಯ 'ಅರಿವೆ' ಕೇಳಿದೆ. ಬೆಂಗಳೂರಿನಲ್ಲೇ ಬೆಳೆದ ಹುಡುಗರು 'ಅರಿವು, ಜ್ಞಾನ' ಅಂದರು. ಅಜ್ಜಿಗೆ ಜ್ಞಾನದ ಚಿಂತೆ! ಹುಬ್ಬಳ್ಳಿ ಕಡೆಯ ಹೆಣ್ಣುಮಗಳೊಬ್ಬರು ಮಾತ್ರ ಥಟ್ಟನೆ 'ಬಟ್ಟೆ ರೀ' ಅಂದರು. ಅವರ ಮನೆಯಲ್ಲಿ ದಿನಾ ಒಗೆಯುವುದು ಅರಿವಿಯನ್ನೇ. 'ಗಾಯದ ಮೇಲೆ ಬರೆ' ಕೂಡ ಚೆನ್ನಾಗಿ ಕೆಲಸ ಮಾಡಿತು. ಕಾದ ಕಬ್ಬಿಣದಿಂದ ಮೈಮೇಲೆ ಎಳೆಯುವ ಗುರುತು ಬರೆ ಅಂತ ಹೇಳಿದವರು ಇಬ್ಬರೇ.

ಸ್ಮಾರಕಗಳ ಸುತ್ತಿಗೆ ದೊಡ್ಡ ದೊಡ್ಡ ಫೋಟೋ ಹಾಕುತ್ತಿದ್ದೆ. ನೋಡಿದ ಕೂಡಲೇ ಹೇಳಿಬಿಡುತ್ತಾರೆ, ಮಜಾ ಇಲ್ಲ. ಹಾಗಾಗಿ ಜೇಬಿನಿಂದಲೇ ಒಂದು ಪ್ರಶ್ನೆ ತೆಗೆದೆ: 50 ರೂಪಾಯಿ ನೋಟಿನ ಹಿಂದೆ ಏನಿದೆ? ನನ್ನ ಉತ್ತರ ಹಂಪಿಯ ಕಲ್ಲಿನ ರಥ. ಎಲ್ಲರೂ ಫೋನಿನಲ್ಲೇ ದುಡ್ಡು ಕೊಡುವ ಕಾಲ, ಯಾರ ಹತ್ತಿರವೂ ನೋಟು ಇರಲಿಕ್ಕಿಲ್ಲ ಅಂದುಕೊಂಡಿದ್ದೆ. ಒಬ್ಬರು ಹಿರಿಯರು ನಿಧಾನವಾಗಿ ಪರ್ಸು ಬಿಚ್ಚಿ, ನಾಲ್ಕು ಮಡಿಕೆಯ ಹಳೇ ನೋಟು ಬಿಡಿಸಿ ನನ್ನ ಮುಖದ ಮುಂದೆ ಹಿಡಿದರು. ಅದರಲ್ಲಿ ಸಂಸತ್ ಭವನ! ಮಹಾತ್ಮ ಗಾಂಧಿ ಸರಣಿಯ ಹಳೇ ನೋಟು, ಈಗಲೂ ಚಲಾವಣೆಯಲ್ಲಿದೆ. ರಥ ಬಂದದ್ದು 2017ರ ನೀಲಿ ನೋಟಿನಲ್ಲಿ. ಈಗ ಪ್ರಶ್ನೆಯಲ್ಲಿ ಬಣ್ಣವನ್ನೂ ಬರೆಯುತ್ತೇನೆ. ಅದೇ ಜಾಡಿನಲ್ಲಿ ಹೊಸ 100ರ ನೋಟಿನ 'ರಾಣಿ ಕಿ ವಾವ್' ಕೇಳಿದರೆ ಇವತ್ತಿಗೂ ಜನ ತಲೆ ಕೆರೆದುಕೊಳ್ಳುತ್ತಾರೆ. ಅದು ಗುಜರಾತಿನ ಪಾಟಣದ ಮೆಟ್ಟಿಲು ಬಾವಿ.

ಇತಿಹಾಸದಲ್ಲಿ 1565ರ ಯುದ್ಧ ಎಲ್ಲಿ ನಡೆಯಿತು ಅಂತ ಕೇಳಲೇಬಾರದು. ತಾಳಿಕೋಟೆ ಎನ್ನುವವರಿಗೂ ರಕ್ಕಸ-ತಂಗಡಿ ಎನ್ನುವವರಿಗೂ ಅಲ್ಲೇ ಎರಡನೇ ಯುದ್ಧ ಶುರುವಾಗುತ್ತದೆ. ಬದಲಿಗೆ, ಅಳಿಯ ರಾಮರಾಯ ಯಾರ ಅಳಿಯ ಅಂತ ಕೇಳಿ ನೋಡಿ. ಕೃಷ್ಣದೇವರಾಯನ ಅಳಿಯ. ಒಂದೇ ಉತ್ತರ, ತಕರಾರಿಲ್ಲ.

ನನಗೆ ತುಂಬಾ ಇಷ್ಟದ್ದು ಏಷ್ಯಾದ ಊಟದ ಸುತ್ತು. ಇಲ್ಲೂ ದೇಶ ಕೇಳಿದರೆ ಕೆಟ್ಟಿರಿ. ನಾಸಿ ಗೋರೆಂಗ್ ಎಲ್ಲಿಯದು? ಇಂಡೋನೇಷ್ಯಾ ಅಂದರೂ ಸರಿ, ಮಲೇಷ್ಯಾ ಅಂದರೂ ಸರಿ. ಅದಕ್ಕೇ ಹೀಗೆ ಕೇಳಿದೆ: ನಾಸಿ ಗೋರೆಂಗ್ ಅಂದರೆ ಫ್ರೈಡ್ ರೈಸ್, ಮೀ ಗೋರೆಂಗ್ ಅಂದರೆ ಫ್ರೈಡ್ ನೂಡಲ್ಸ್. ಪಿಸಾಂಗ್ ಅಂದರೆ ಬಾಳೆಹಣ್ಣು. ಹಾಗಾದರೆ ಪಿಸಾಂಗ್ ಗೋರೆಂಗ್ ಏನು? ಯಾವ ಪುಸ್ತಕವನ್ನೂ ಓದಬೇಕಿಲ್ಲ. ಮಂಗಳೂರಿನ ಆಂಟಿಯೊಬ್ಬರು, 'ಅಯ್ಯೋ, ನಮ್ಮ ಬಾಳೆಹಣ್ಣಿನ ಪೋಡಿ' ಅಂದುಬಿಟ್ಟರು. ಪೋಡಿ ಅಂದರೆ ಅವರ ಕಡೆಯ ಬಜ್ಜಿ. ಪೂರ್ತಿ ಅಂಕ ಕೊಟ್ಟೆ.

ಇಡ್ಲಿ ಇಂಡೋನೇಷ್ಯಾದಿಂದ ಬಂತು ಎಂಬ ಪ್ರಶ್ನೆಯನ್ನು ಮಾತ್ರ ಹೊಡೆದು ಹಾಕಿದೆ. ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಅವರು ಮುಂದಿಟ್ಟದ್ದು ಒಂದು ಊಹೆ. ಊಹೆಗೆ ಅಂಕ ಕೊಡೋದು ಹೇಗೆ? 10ನೇ ಶತಮಾನದ ವಡ್ಡಾರಾಧನೆಯಲ್ಲಿ 'ಇಡ್ಡಲಿಗೆ' ಎಂಬ ಮಾತು ಬರುತ್ತದೆ, ಅದನ್ನು ಇಟ್ಟುಕೊಂಡೆ.

ಗೋಬಿ ಮಂಚೂರಿ ಯಾವ ದೇಶದ್ದು ಅಂತ ಕೇಳಿದಾಗ ಮಕ್ಕಳೆಲ್ಲ ಒಂದೇ ಉಸಿರಿಗೆ 'ಚೈನಾ' ಎಂದು ಕೂಗಿದ್ದರು. ಮಂಚೂರಿಯಾ ಇರುವುದೇನೋ ಅಲ್ಲೇ, ಆದರೆ ತಿಂಡಿ ನಮ್ಮದು. ಹೋದ ಸಲ ಬಹುಮಾನ ಕೊಟ್ಟಾದ ಮೇಲೆ ಕಮಿಟಿಯವರು ಅದನ್ನೇ ತರಿಸಿದ್ದರು, ಕೆಂಪಿಲ್ಲದ ಗೋಬಿ. ತಿನ್ನುತ್ತಾ ಮುಂದಿನ ವರ್ಷಕ್ಕೆ ಒಂದು ಪ್ರಶ್ನೆ ಹೊಳೆಯಿತು. 'ಗೋಬಿ ಮಂಚೂರಿ ನಿಷೇಧಿಸಿದ್ದು ಎಲ್ಲಿ?' ಅಂತ ಫೋನಿನಲ್ಲಿ ಬರೆದುಕೊಂಡೆ, ಕರ್ನಾಟಕ ಅಂತ ಉತ್ತರ ಹಾಕಿದೆ. ಮನೆಗೆ ಬಂದು ನೋಡಿದರೆ, 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ನಿಷೇಧಿಸಿದ್ದು ಅದಕ್ಕೆ ಹಾಕುವ ಕೃತಕ ಬಣ್ಣವನ್ನು. ಅಂಗಡಿಗಳಲ್ಲಿ ಗೋಬಿಯನ್ನೇ ಬೇಡ ಅಂದದ್ದು ಗೋವಾದ ಮಾಪುಸಾ ಪುರಸಭೆ. ಅಳಿಸಿ ಮತ್ತೆ ಬರೆಯುತ್ತಿದ್ದೇನೆ.